ಗಣಕದ ಕಡತಗಳನ್ನು ಅಡಕಗೊಳಿಸುವ ವಿದ್ಯೆ

ಅಲ್ಪಾಕ್ಷರಗಳಲ್ಲಿ ಬಹ್ವರ್ಥವನ್ನು ಅಡಗಿಸುವುದು ನಮ್ಮ ಶಾಸ್ತ್ರಕಾರರಿಗೆ ಹೊಸದಲ್ಲ. ಪಾಣಿನಿಯು ‘ಅಚ್’ ಎಂಬ ಒಂದೇ ಪ್ರತ್ಯಾಹಾರದಿಂದ ಸ್ವರಗಳೆಲ್ಲವನ್ನೂ, ‘ಹಲ್’ ಎಂಬುದರಿಂದ ವ್ಯಂಜನಗಳೆಲ್ಲವನ್ನೂ ಸೂಚಿಸಿದನು. ಆದರೆ ಮಾಹೇಶ್ವರ ಸೂತ್ರಗಳನ್ನರಿಯದವನಿಗೆ ಆ ಸಂಜ್ಞೆಗಳು ಬರಿಯ ಸದ್ದು. ಗಣಕಯಂತ್ರದ ಕಡತಗಳನ್ನು ಅಡಕಗೊಳಿಸಿ ಕಳುಹಿ, ಮತ್ತೆ ಬಿಚ್ಚಿ ಓದುವ ವಿದ್ಯೆಯ ಮರ್ಮವೂ ಇದೇ ಆಗಿದೆ.

ಮನೆಗಳಿಗೆ ಗಣಕವು ಬಂದ ಮೊದಲ ವರ್ಷಗಳಲ್ಲಿ ಸ್ಥಳವೂ ಕಾಲವೂ ದುರ್ಲಭವಾಗಿದ್ದವು. ಫ್ಲಾಪಿಯೊಂದು ಮೊದಲು 360 ಕಿಲೋಬೈಟ್, ಅನಂತರ 1.44 ಮೆಗಾಬೈಟ್ ಮಾತ್ರ ಹಿಡಿಯುತ್ತಿತ್ತು. ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲವು ತೆರೆದದ್ದು 1995ರ ಆಗಸ್ಟ್ 15ರಂದು. ಸೆಕೆಂಡಿಗೆ 28,800 ಬಿಟ್ ಸಾಗಿಸುವ ಮೋಡೆಮ್ ಒಂದು ಫ್ಲಾಪಿಯಷ್ಟು ಸರಕನ್ನು ಇಳಿಸಿಕೊಳ್ಳಲು, ಯಾವ ವಿಘ್ನವಿಲ್ಲದಿದ್ದರೂ, ಸುಮಾರು ಏಳು ನಿಮಿಷ ಬೇಕು. ನಡುವೆ ದೂರವಾಣಿ ಸಂಪರ್ಕ ಕಡಿದರೆ ಎಷ್ಟೋ ಸಲ ಮೊದಲಿನಿಂದಲೇ ಆರಂಭ. ಆದುದರಿಂದ ಕಡತವು ಅರ್ಧವಾದರೆ ಕಾಲವೂ ಹಣವೂ ಅರ್ಧ ಉಳಿದಂತೆಯೇ.

ಅಡಕಗೊಳಿಸುವ ಬಗೆಯನ್ನು ವಚನಗಳಿಂದಲೇ ತಿಳಿಯಬಹುದು. ಬಸವಣ್ಣನವರ ವಚನಸಂಗ್ರಹದಲ್ಲಿ ‘ಕೂಡಲಸಂಗಮದೇವ’ ಎಂಬ ಅಂಕಿತವು ಮತ್ತೆ ಮತ್ತೆ ಬರುತ್ತದೆ. ಇಂದಿನ ಯೂನಿಕೋಡ್ ಬರಹದಲ್ಲಿ ಅದಕ್ಕೆ ಸಾಮಾನ್ಯವಾಗಿ 33 ಬೈಟ್ ತಗಲುತ್ತವೆ. ಇಸ್ರೇಲಿನ ಜೀವ್ ಮತ್ತು ಲೆಂಪೆಲ್ ಎಂಬ ವಿದ್ವಾಂಸರು 1977ರಲ್ಲಿ ತೋರಿದ ಮಾರ್ಗದಂತೆ, ಎರಡನೆಯ ಸಲ ಅದನ್ನು ಬರೆಯದೆ, ‘ಹಿಂದೆ ಇಷ್ಟು ದೂರ ಹೋಗಿ ಇಷ್ಟು ಬೈಟ್ ತೆಗೆದುಕೋ’ ಎಂಬ ಸೂಚನೆಯನ್ನಷ್ಟೇ ಇಡಲಾಗುತ್ತದೆ. ಹೆಚ್ಚಾಗಿ ಬರುವ ಸಂಜ್ಞೆಗಳಿಗೆ ಕಿರಿಯ ಸಂಕೇತ ಕೊಡುವ ಹಫ್‌ಮನ್‌ನ 1952ರ ಉಪಾಯವೂ ಇದಕ್ಕೆ ಸೇರಿತು. ಅಮೆರಿಕದ ಫಿಲ್ ಕ್ಯಾಟ್ಜ್ 1989ರಲ್ಲಿ ಹೊರತಂದ ‘ಜಿಪ್’ ಗಂಟಿನಲ್ಲಿ ಮುಂದೆ ರೂಢಿಯಾದದ್ದು ಈ ಎರಡರ ಕೂಟವೇ. ಅದರ ನೆನಪು 32 ಕಿಲೋಬೈಟ್‌ನಷ್ಟು ಹಿಂದಕ್ಕೆ ಮಾತ್ರ; ಅದಕ್ಕೂ ಆಚೆಯ ಅಂಕಿತವನ್ನು ಅದು ಮರೆತಿರುತ್ತದೆ!

ಬಿಚ್ಚುವ ತಂತ್ರಾಂಶವಿಲ್ಲದೆ ಬಂದ ಗಂಟು ನಿಷ್ಪ್ರಯೋಜಕ. ಗಂಟಿನೊಳಗೆ ಪ್ರತಿ ಕಡತಕ್ಕೂ ಒಂದು ತಾಳೆಸಂಖ್ಯೆ ಇರುತ್ತದೆ. ಬಿಚ್ಚಿದ ಮೇಲೆ ಲೆಕ್ಕ ಕೂಡದಿದ್ದರೆ ದಾರಿಯಲ್ಲಿ ಏನೋ ಕೆಟ್ಟಿದೆಯೆಂದು ಯಂತ್ರವೇ ಹೇಳುತ್ತದೆ. ತಾಳೆಗರಿಯಲ್ಲಿ ಹುಳು ತಿಂದ ಅಕ್ಷರವನ್ನು ಸಂದರ್ಭದಿಂದ ಊಹಿಸಬಹುದು. ಇಲ್ಲಿಯಾದರೋ ಒಂದು ಬಿಟ್ ಕೆಟ್ಟರೆ ಅದನ್ನು ನೆಚ್ಚಿದ ಮುಂದಿನ ಭಾಗವೂ ಕೆಡಬಹುದು.

ಕನ್ನಡಕ್ಕೆ ಮಾತ್ರ ಇನ್ನೊಂದು ತೊಡಕಿತ್ತು. ಗಂಟು ನಿರ್ದೋಷವಾಗಿ ಬಿಚ್ಚಿದರೂ ತೆರೆಯ ಮೇಲೆ ಮೂಡುತ್ತಿದ್ದುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂದಿತು. ‘ನುಡಿ’ಯೂ ಬಳಕೆಗೆ ಬಂದಿತು. ಯೂನಿಕೋಡ್ ನೆಲೆಗೊಳ್ಳುವ ಮುನ್ನ ಒಂದೊಂದು ಅಕ್ಷರಶೈಲಿಗೂ ಒಂದೊಂದು ಸಂಕೇತಕ್ರಮ. ಆ ಶೈಲಿಯಿಲ್ಲದ ಗಣಕದಲ್ಲಿ ಲೇಖನವಿದ್ದೂ ಇಲ್ಲದಂತೆ. ಕೊಪ್ಪಳದ ಗವಿಮಠದ ಬಂಡೆಯಲ್ಲಿ ಅಶೋಕನ ಅಕ್ಷರಗಳು ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಉಳಿದಿವೆ. ಆದರೆ 1837ರಲ್ಲಿ ಪ್ರಿನ್ಸೆಪ್ ಬ್ರಾಹ್ಮೀಲಿಪಿಯ ಕೀಲಿಯನ್ನು ಪೂರ್ಣವಾಗಿ ಬಿಡಿಸುವ ತನಕ ಅಂತಹ ಶಾಸನಗಳನ್ನು ಓದಬಲ್ಲವರೇ ಇರಲಿಲ್ಲ.

ಕವಿರಾಜಮಾರ್ಗವು ತಿರುಳ್ಗನ್ನಡದ ನೆಲೆಯೆಂದು ಎಣಿಸಿದ ಕೊಪಣದ ಈ ಸೀಮೆಯ ಶಾಲೆಗಳಲ್ಲಿ ಹಳೆಯ ಸಂಚಿಕೆಗಳ, ಭಾಷಣಗಳ ಫ್ಲಾಪಿಗಳು ಬೀರುಗಳಲ್ಲಿ ಉಳಿದಿದ್ದರೆ, ಅವನ್ನು ಈಗಲೇ ಬಿಚ್ಚಿಸಿ ಯೂನಿಕೋಡಿಗೆ ಪರಿವರ್ತಿಸಿಕೊಳ್ಳುವುದು ಲೇಸು. ಫ್ಲಾಪಿಯ ಕಾಂತೀಯ ಲೇಪವು ಬಂಡೆಯಂತೆ ಕಾಯುವುದಿಲ್ಲ. ಪರಿವರ್ತನೆ ತಡವಾಗುವುದಾದರೆ, ಮೂಲ ಅಕ್ಷರಶೈಲಿಯ ಕಡತವನ್ನೂ ಅದೇ ಗಂಟಿನಲ್ಲಿ ಕಟ್ಟಿ ಇಡತಕ್ಕದ್ದು.