ಮೋಟಾರು ಪಂದ್ಯದ ಅಸ್ಕಾರಿ

ಯಳಂದೂರಿನಿಂದ ಗುಂಬಳ್ಳಿಯ ಮೇಲೆ ಹಾದು ಬಿಳಿಗಿರಿರಂಗನ ಬೆಟ್ಟಕ್ಕೆ ಬಸ್ಸಿನಲ್ಲಿ ಹೋದವರಿಗೆ ಚಾಲಕನ ಕೆಲಸ ಎಂಥದೆಂದು ಬೇರೆ ಹೇಳಬೇಕಾಗಿಲ್ಲ. ತಿರುವು ಇನ್ನೂ ಹತ್ತಾರು ಮಾರು ದೂರವಿರುವಾಗಲೇ ಆತ ವೇಗ ತಗ್ಗಿಸಿ, ಗೇರು ಬದಲಿಸಿ, ಹಾರನ್ನು ಬಾರಿಸುತ್ತಾನೆ. ಸ್ಟೀರಿಂಗ್ ತಿರುಗಿಸುವುದು ಆಮೇಲೆ. ಎದುರಿಗೆ ದೇವರ ಪಟ, ಪಟಕ್ಕೊಂದು ಹೂವಿನ ಸರ. ಕೈಯ ಕೌಶಲ ಒಂದು, ದೈವದ ನಂಬಿಕೆ ಒಂದು; ಎರಡನ್ನೂ ಜೊತೆಗಿಟ್ಟುಕೊಂಡೇ ನಮ್ಮವರು ಬೆಟ್ಟ ಏರುತ್ತಾರೆ. ಈ ಎರಡನ್ನೂ ನೆಚ್ಚಿ ಜಗತ್ತಿನ ಮೋಟಾರು ಪಂದ್ಯದಲ್ಲಿ ಎರಡು ಸಲ ಪಟ್ಟವೇರಿದ ಚಾಲಕನೊಬ್ಬ ಇಟಲಿಯಲ್ಲಿದ್ದ. ಅವನ ಹೆಸರು ಅಲ್ಬೆರ್ಟೊ ಅಸ್ಕಾರಿ.

ಅಸ್ಕಾರಿ ಹುಟ್ಟಿದ್ದು 1918ರ ಜುಲೈ 13ರಂದು, ಮಿಲಾನ್ ನಗರದಲ್ಲಿ. ತಂದೆ ಅಂಟೋನಿಯೊ ಆಲ್ಫಾ ರೋಮಿಯೋ ಕಂಪನಿಯ ಹೆಸರಾಂತ ಪಂದ್ಯದ ಚಾಲಕ. 1925ರ ಜುಲೈ 26ರಂದು ಫ್ರಾನ್ಸಿನ ಮೋಲೇರಿ ಎಂಬಲ್ಲಿ ಎಲ್ಲರಿಗಿಂತ ಮುಂದೆ ಓಡುತ್ತಿದ್ದಾಗಲೇ ಆತನ ಕಾರು ಉರುಳಿ ಸತ್ತುಹೋದ. ಆಗ ಅವನಿಗೆ 36 ವರ್ಷ, ಮಗನಿಗೆ ಏಳು.

ಅಪ್ಪನನ್ನು ಕೊಂದ ಕಸುಬಿಗೆ ಮಗ ಹೋಗಬಾರದೆಂದು ಯಾವ ಮನೆಯಲ್ಲಾದರೂ ಹೇಳಿಯಾರು. ಆದರೆ ಅಲ್ಬೆರ್ಟೊ ಬೆಳೆದು ಮೊದಲು ಮೋಟಾರ್ ಸೈಕಲ್ ಪಂದ್ಯಕ್ಕಿಳಿದ. 1940ರಲ್ಲಿ ತಂದೆಯ ಹಳೆಯ ಸ್ನೇಹಿತ ಎನ್ಜೊ ಫೆರಾರಿ ತಾನು ಹೊಸದಾಗಿ ಕಟ್ಟಿದ ಕಾರೊಂದನ್ನು ಈ ಹುಡುಗನ ಕೈಗೆ ಕೊಟ್ಟ. ಆ ಪಂದ್ಯದಲ್ಲಿ ಕಾರು ನಡುವೆಯೇ ಕೆಟ್ಟು ನಿಂತಿತು. ಅಷ್ಟರಲ್ಲಿ ಯುದ್ಧ ಬಂದು ಪಂದ್ಯಗಳೇ ನಿಂತುಹೋದವು. ಯುದ್ಧ ಮುಗಿದ ಮೇಲೆ ಅವನು ಮತ್ತೆ ಚಕ್ರ ಹಿಡಿದ. 1949ರಲ್ಲಿ ಫೆರಾರಿಯ ತಂಡ ಸೇರಿದ.

1950ರಲ್ಲಿ ಚಾಲಕರ ವಿಶ್ವ ಚಾಂಪಿಯನ್ ಪಟ್ಟ ಆರಂಭವಾಯಿತು. ಮರುವರ್ಷ ಅಸ್ಕಾರಿ ಅರ್ಜೆಂಟೀನಾದ ಫಾಂಜಿಯೊ ಎಂಬಾತನಿಗೆ ಸೋತು ಎರಡನೆಯವನಾದ. 1952ರಲ್ಲಿ ಅವನನ್ನು ಹಿಡಿಯುವವರಿರಲಿಲ್ಲ. ಬೆಲ್ಜಿಯಂ, ಫ್ರಾನ್ಸ್, ಇಂಗ್ಲೆಂಡ್, ಜರ್ಮನಿ, ಹಾಲೆಂಡ್, ಇಟಲಿ, ಹೀಗೆ ಸಾಲಾಗಿ ಆರು ಪಂದ್ಯ ಗೆದ್ದ. ಮುಂದಿನ ವರ್ಷ ಮತ್ತೆ ಐದು ಗೆದ್ದು, ಎರಡನೆಯ ಸಲ ಪಟ್ಟವೇರಿದ. ಒಟ್ಟು 32 ಪಂದ್ಯಗಳಲ್ಲಿ 13 ಗೆಲುವು! 1953ರ ನಂತರ 2025ರವರೆಗೆ ಇಟಲಿಯ ಇನ್ನೊಬ್ಬ ಚಾಲಕನಿಗೆ ಆ ಪಟ್ಟ ದಕ್ಕಲಿಲ್ಲ.

ಹಾಗಾದರೆ ಅವನ ಗುಟ್ಟೇನು? ಬರಿಯ ಧೈರ್ಯವೆಂದು ತಿಳಿದರೆ ತಪ್ಪು. ನೆಲವನ್ನು ಹಿಡಿಯುವ ಶಕ್ತಿ ಟೈರಿಗೆ ಇರುವುದು ಒಂದು ಮಿತಿಯಷ್ಟೇ. ಆ ಶಕ್ತಿಯನ್ನು ಬ್ರೇಕಿಗೂ ತಿರುವಿಗೂ ಒಟ್ಟಿಗೆ ಖರ್ಚುಮಾಡಿದರೆ ಗಾಡಿ ಜಾರುತ್ತದೆ. ಆದ್ದರಿಂದ ಬಲ್ಲ ಚಾಲಕ ನೇರ ದಾರಿಯಲ್ಲಿಯೇ ಬ್ರೇಕಿನ ಕೆಲಸವನ್ನು ಬಹುಪಾಲು ಮುಗಿಸಿಕೊಳ್ಳುತ್ತಾನೆ. ಅನಂತರ ತಿರುವಿನ ಹೊರ ಅಂಚಿನಿಂದ ಒಳ ಅಂಚಿಗೆ, ಅಲ್ಲಿಂದ ಮತ್ತೆ ಹೊರ ಅಂಚಿಗೆ ಗಾಡಿಯನ್ನು ಹರಿಯಗೊಡುತ್ತಾನೆ. ಇದರಿಂದ ಬಾಗು ಹಿರಿದಾಗಿ ವೇಗ ಉಳಿಯುತ್ತದೆ. ಎದುರಿನಿಂದ ಗಾಡಿ ಬಾರದ ಪಂದ್ಯದ ದಾರಿಗೆ ಮಾತ್ರ ಈ ವಿದ್ಯೆ ಸಲ್ಲುತ್ತದೆ. ಘಾಟಿಯಲ್ಲಿ ಹೀಗೆ ಮಾಡಿದರೆ ಎದುರು ಬರುವವನ ದಾರಿಗೇ ನುಗ್ಗಿದಂತೆ. ಅಸ್ಕಾರಿ ಈ ರೇಖೆಯನ್ನು ಸುತ್ತು ಸುತ್ತಿಗೂ ತಪ್ಪದೆ, ಸ್ಟೀರಿಂಗ್‌ನೊಡನೆ ಗುದ್ದಾಡದೆ ಹಿಡಿಯುತ್ತಿದ್ದ. ಒಮ್ಮೆ ಮುಂದೆ ಹೋದನೆಂದರೆ ಅವನನ್ನು ಹಿಂದಿಕ್ಕುವುದು ಬಹು ಕಷ್ಟವಾಗಿತ್ತು.

ಇಷ್ಟು ಲೆಕ್ಕಾಚಾರದ ಮನುಷ್ಯ ಶಕುನಗಳಿಗೆ ಮಾತ್ರ ಅಂಜುತ್ತಿದ್ದ. ಕರಿಯ ಬೆಕ್ಕು ಅಡ್ಡ ಬರಬಾರದು. 26 ಎಂಬ ಅಂಕಿ ಒಳ್ಳೆಯದಲ್ಲ. ತಿಳಿನೀಲಿ ಬಣ್ಣದ ತನ್ನ ಹೆಲ್ಮೆಟ್ಟನ್ನು ಇಟ್ಟ ಪೆಟ್ಟಿಗೆಯನ್ನು ಬೇರೆ ಯಾರೂ ಮುಟ್ಟಬಾರದು. ನಾವು ನಗಬೇಕಾಗಿಲ್ಲ. ಹೊಸ ಗಾಡಿ ಕೊಂಡ ದಿನ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಹತ್ತಿಸದ ಮನೆ ನಮ್ಮಲ್ಲಿ ಎಷ್ಟಿವೆ?

1954ರಲ್ಲಿ ಅವನು ಲಾನ್ಸಿಯಾ ಕಂಪನಿಗೆ ಹೋದ. ಆ ವರ್ಷ ಇಟಲಿಯ ಊರುಕೇರಿಗಳ ನಡುವೆ ಓಡುವ ಸುಮಾರು 1,600 ಕಿಲೋಮೀಟರಿನ ಮಿಲ್ಲೆ ಮಿಲ್ಯಾ ಪಂದ್ಯವನ್ನು ಗೆದ್ದ. 1955ರ ಮೇ 22ರಂದು ಸಮುದ್ರದ ದಂಡೆಯ ಮೊನಾಕೊ ನಗರದಲ್ಲಿ ಪಂದ್ಯ. ಗೆಲುವು ಕೈಗೆ ಬಂತೆನ್ನುವಷ್ಟರಲ್ಲಿ ಅವನ ಕಾರು ತಡೆಗಳನ್ನು ಮುರಿದುಕೊಂಡು ಬಂದರಿನ ನೀರಿಗೆ ಬಿತ್ತು. ನೋಡುವವರ ಉಸಿರು ನಿಂತಿತು. ಸ್ವಲ್ಪ ಹೊತ್ತಿನಲ್ಲೇ ಅಸ್ಕಾರಿಯ ತಲೆ ನೀರಿನ ಮೇಲೆ ಕಾಣಿಸಿತು. ಮೂಗಿಗೆ ಪೆಟ್ಟು, ಮೈಗೆ ತರಚು, ಅಷ್ಟೇ.

ನಾಲ್ಕು ದಿನ ಕಳೆದು, ಮೇ 26ರಂದು, ಅವನು ಮೊಂಜಾದ ಪಂದ್ಯದ ರಸ್ತೆಗೆ ಗೆಳೆಯ ಕಾಸ್ಟೆಲೊಟ್ಟಿಯ ಅಭ್ಯಾಸ ನೋಡಲು ಹೋದ. ಓಡಿಸುವ ಯೋಚನೆ ಇರಲಿಲ್ಲವಾಗಿ ನೀಲಿ ಹೆಲ್ಮೆಟ್ಟನ್ನು ತಂದಿರಲಿಲ್ಲ. ಕಾರನ್ನು ಕಂಡ ಮೇಲೆ ಮನಸ್ಸು ತಡೆಯಲಿಲ್ಲ. ಗೆಳೆಯನ ಹೆಲ್ಮೆಟ್ಟನ್ನು ಕಡ ತೆಗೆದುಕೊಂಡು ಹೊರಟ. ಮೂರನೆಯ ಸುತ್ತಿನಲ್ಲಿ ತಿರುವೊಂದರ ಬಳಿ ಕಾರು ಜಾರಿ ಪಲ್ಟಿಯಾಯಿತು. ಅಸ್ಕಾರಿ ಬದುಕಲಿಲ್ಲ. ಅವನಿಗೂ 36 ವರ್ಷ. ಆ ದಿನವೂ 26ನೆಯ ತಾರೀಕು. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು. ಕಾರು ಜಾರಿದ್ದೇಕೆಂಬುದು ಕೊನೆಗೂ ಖಚಿತವಾಗಲಿಲ್ಲ. ಆ ತಿರುವಿಗೆ ಮುಂದೆ ಅವನ ಹೆಸರನ್ನೇ ಇಟ್ಟರು.

ನೀಲಿ ಹೆಲ್ಮೆಟ್ಟಿದ್ದರೆ ಉಳಿಯುತ್ತಿದ್ದನೆಂದು ಹೇಳುವವರು ಇದ್ದರು. ಆದರೆ ಆ ಕಾಲದ ಪಂದ್ಯದ ಕಾರಿನಲ್ಲಿ ಚಾಲಕನನ್ನು ಆಸನಕ್ಕೆ ಬಿಗಿಯುವ ಪಟ್ಟಿಯಿರಲಿಲ್ಲ. ಕಾರು ಮಗುಚಿದರೆ ತಲೆಯನ್ನು ಕಾಯುವ ಕಮಾನೂ ಇರಲಿಲ್ಲ. ಸಾವನ್ನು ವಿಧಿಯೆಂದು ಬಿಡದೆ, ಅದರ ಕಾರಣ ಹುಡುಕಿದವರಿಂದ ಇವೆಲ್ಲ ಒಂದೊಂದಾಗಿ ಬಂದವು. ಫಾರ್ಮುಲಾ 1 ಪಂದ್ಯಗಳಲ್ಲಿ ಆಸನದ ಪಟ್ಟಿ 1972ರಲ್ಲಿ ಕಡ್ಡಾಯವಾಯಿತು. ಚಾಲಕನ ತಲೆಯ ಸುತ್ತ ಬಳಸುವ ಗಟ್ಟಿ ಲೋಹದ ಕಮಾನು 2018ರಲ್ಲಿ ಬಂತು.

2016ರಲ್ಲಿ ಬೆಂಗಳೂರಿನ ಹುಡುಗ ಕುಶ್ ಮೈನಿ ಯೂರೋಪಿಗೆ ಹೋಗಿ ಇಟಲಿಯ ಫಾರ್ಮುಲಾ 4 ಪಂದ್ಯಗಳಲ್ಲಿ ಓಡಿದ. 2025ರ ಮೇ 24ರಂದು, ಅಸ್ಕಾರಿ ನೀರಿಗೆ ಬಿದ್ದು 70 ವರ್ಷವಾದ ಮೇಲೆ, ಅದೇ ಮೊನಾಕೊದ ಬೀದಿಗಳಲ್ಲಿ ಫಾರ್ಮುಲಾ 2ರ ಕಿರುಪಂದ್ಯವನ್ನು ಗೆದ್ದ. ಅವನನ್ನು ಬಳಸಿದ್ದ ಪಟ್ಟಿಯ ಹಿಂದೆ, ತಲೆಯ ಮೇಲಿನ ಕಮಾನಿನ ಹಿಂದೆ, ಅಸ್ಕಾರಿಯಂಥ ಎಷ್ಟೋ ಮಂದಿಯ ಸಾವು ಕಲಿಸಿದ ಪಾಠವಿದೆ.

ಬೆಟ್ಟದ ರಂಗನಿಗೆ ಕೈಮುಗಿಯುವುದು ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಸ್ಕೂಟರಿನಲ್ಲಿ ಹೊರಟ ಮಗನ ಹೆಲ್ಮೆಟ್ಟು ಗೂಟಕ್ಕೆ ತೂಗುಬಿದ್ದಿದ್ದರೆ, ನಿಂಬೆಹಣ್ಣಿನ ಜೊತೆಗೆ ಅದನ್ನೂ ನೆನಪಿಸಿ ಕೈಗೆ ಕೊಡಿ. ಗದ್ದದ ಪಟ್ಟಿಯನ್ನು ಬಿಗಿಯಲು ಹೇಳಿ. ಘಾಟಿಯ ತಿರುವು ಯಾರ ಬಣ್ಣದ ಹೆಲ್ಮೆಟ್ಟೆಂದು ಕೇಳುವುದಿಲ್ಲ.