ಏಣಿಯೋ ಹಗ್ಗವೋ, ಮರವೇ ಹೇಳುತ್ತದೆ

ಸೇಲಂನಿಂದ ಏರ್ಕಾಡಿನ ತಿರುವುಗಳನ್ನು ಹತ್ತುತ್ತ ಹೋದರೆ ಕಾಫಿ ತೋಟಗಳು ಎದುರಾಗುತ್ತವೆ. 1820ರ ದಶಕದಲ್ಲಿ ಸೇಲಂ ಕಲೆಕ್ಟರ್ ಆಗಿದ್ದ ಎಂ.ಡಿ. ಕಾಕ್‌ಬರ್ನ್ ಈ ಶೇರ್ವರಾಯನ್ ಬೆಟ್ಟಕ್ಕೆ ಕಾಫಿ ತಂದರು. ಕಾಫಿಗೆ ನೆರಳಾಗಿ ಸಿಲ್ವರ್ ಓಕ್, ಅದರ ಮೈಗೆ ಮೆಣಸಿನ ಬಳ್ಳಿ. ಬೆಟ್ಟ ಇಳಿದು ವಾಳಪ್ಪಾಡಿ ಕಡೆ ಹೋದರೆ ಅಡಿಕೆ ತೋಟ. ಕನ್ನಡ ಮನೆಮಾತಿನವರೂ ಬೆರೆತು ಬಾಳುವ ಧರ್ಮಪುರಿ ಸೀಮೆಯಲ್ಲಿ ಹುಣಸೆ, ತೆಂಗು, ನುಂಗು ಕೊಡುವ ತಾಳೆ. ಮರ ಬೇರೆಯಾದಂತೆ ಅದನ್ನು ಹತ್ತುವ ವಿದ್ಯೆಯೂ ಬೇರೆ. ಆ ವಿದ್ಯೆಯ ಹಿಂದೆ ಕೈಚಳಕದಷ್ಟೇ ಲೆಕ್ಕಾಚಾರವೂ ಇದೆ.

ಬಳ್ಳಿಗೆ ಏಣಿ

ಮೆಣಸಿನ ಬಳ್ಳಿ ಬುಡದಿಂದಲೇ ಕಾಂಡವನ್ನು ತಬ್ಬಿರುತ್ತದೆ. ಅದರ ಮೇಲೆ ಹಗ್ಗ ಸುತ್ತಿದರೆ ಅಥವಾ ಕಾಲಿಟ್ಟರೆ ಅಂಟುಬೇರುಗಳು ಕಿತ್ತು ಬಳ್ಳಿ ಜಾರುತ್ತದೆ. ಹಾಗಾಗಿ ಮೆಣಸು ಕೊಯ್ಯಲು ಏಣಿಯೇ ಬೇಕು. ಕೊಡಗು, ಚಿಕ್ಕಮಗಳೂರಿನ ಓದುಗರಿಗೆ ಒಂಟಿ ಬಿದಿರಿನ ಏಣಿ ಗೊತ್ತಿದ್ದೇ ಇದೆ. ಬಲಿತ ಬಿದಿರಿನ ಗೆಣ್ಣುಗಳಲ್ಲಿ ಕವಲನ್ನು ಗೇಣುದ್ದ ಉಳಿಸಿದರೆ ಅದೇ ಮೆಟ್ಟಿಲು. ಹೆಗಲ ಮೇಲೆ ಹೊತ್ತು ಕಾಫಿ ಸಾಲುಗಳ ನಡುವೆ ನುಸುಳಬಹುದು.

ಈಗ ಅಲ್ಯುಮಿನಿಯಂ ಏಣಿಗಳು ಬಂದಿವೆ. ಏಣಿ ತಾಗುವ ಜಾಗ 16 ಅಡಿ ಎತ್ತರದಲ್ಲಿದ್ದರೆ ಬುಡ ಮರದಿಂದ 4 ಅಡಿ ದೂರವಿರಬೇಕು. ಇನ್ನೂ ಹತ್ತಿರವಾದರೆ ಏಣಿ ಹಿಂದಕ್ಕೆ ಮಗುಚುತ್ತದೆ, ದೂರವಾದರೆ ಬುಡ ಜಾರುತ್ತದೆ. ಲೋಹದಲ್ಲಿ ವಿದ್ಯುತ್ ಹರಿಯುವುದರಿಂದ ತಂತಿ ಹಾದುಹೋದ ಕಡೆ ಈ ಏಣಿಯನ್ನು ಎತ್ತಲೇಬಾರದು.

ಏಣಿಯ ದೊಡ್ಡ ಅಪಾಯ ಇರುವುದು ನೆರಳು ತೆಗೆಯಲು ಕೊಂಬೆ ಕಡಿಯುವಾಗ. ಏಣಿ ಒರಗಿದ ಕೊಂಬೆಯ ತುದಿಯನ್ನು ಕಡಿದರೆ ಭಾರ ಕಳೆದುಕೊಂಡ ಉಳಿದ ಭಾಗ ಥಟ್ಟನೆ ಮೇಲಕ್ಕೆ ನೆಗೆಯುತ್ತದೆ. ಏಣಿಗೆ ಆಸರೆಯೇ ಇಲ್ಲವಾಗುತ್ತದೆ.

ಕವಲಿಲ್ಲದ ಮರಕ್ಕೆ ತಳೆ

ಅಡಿಕೆ, ತೆಂಗು, ತಾಳೆಗಳಲ್ಲಿ ಹಿಡಿಯಲು ಕೊಂಬೆಯಿಲ್ಲ. ಅಲ್ಲಿ ಪಾದಗಳಿಗೆ ಬಿಗಿಯುವ ತಳೆಯೇ ಸಾಧನ. ತಳೆ ಎರಡೂ ಪಾದಗಳನ್ನು ಕಾಂಡಕ್ಕೆ ಒತ್ತುವುದರಿಂದ ಹತ್ತುವವರ ಮೈಭಾರವೇ ಹಿಡಿತವಾಗುತ್ತದೆ. ಶಿರಸಿ ಕಡೆಯ ಕೊನೆಗೌಡರು ಇದನ್ನೇ ನಂಬಿ ಮರದಿಂದ ಮರಕ್ಕೆ ದಾಟುತ್ತ ಕೊನೆ ಇಳಿಸುತ್ತಾರೆ. ಕೇರಳದ ಚೆಂಬೇರಿಯ ಜೋಸೆಫ್ ಇದೇ ತತ್ವವನ್ನು ಉಕ್ಕಿನ ಹಗ್ಗ, ಕಾಲ್ಮಣೆಗಳಿಗೆ ಅಳವಡಿಸಿ ತೆಂಗು ಹತ್ತುವ ಯಂತ್ರ ಮಾಡಿದರು. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಯುವಕರಿಗೆ ಯಂತ್ರದಿಂದ ಮರ ಹತ್ತುವ ತರಬೇತಿ ಆರಂಭಿಸಿತು. ಆದರೆ ತಳೆ ಹತ್ತಿಸುತ್ತದೆಯೇ ಹೊರತು ಕಾಪಾಡುವುದಿಲ್ಲ. ಕಾಲು ಜಾರಿದರೆ ಹಿಡಿದುಕೊಳ್ಳಲು ಸೊಂಟಕ್ಕೆ ಬೇರೆಯೇ ಹಗ್ಗ ಬೇಕು.

ಹುಣಸೆಗೆ ಹಗ್ಗ

ಧರ್ಮಪುರಿಯ ಹಳೆಯ ಹುಣಸೆ ಮರಗಳ ಕಥೆ ಇನ್ನೊಂದು. ಏಣಿ ಮೊದಲ ಕವಲಿನವರೆಗೆ ಒಯ್ಯುತ್ತದೆ. ಹಣ್ಣಿರುವುದು ಹರಡಿದ ಕೊಂಬೆಗಳ ತುದಿಯಲ್ಲಿ. ಮರಗಳ ಆರೈಕೆಯನ್ನೇ ವೃತ್ತಿ ಮಾಡಿಕೊಂಡ ಆರ್ಬರಿಸ್ಟರು ಹೊರದೇಶಗಳಲ್ಲಿ ಬಳಸುವ ಹಗ್ಗದ ವಿಧಾನ ಇಂಥ ಮರಕ್ಕೆ ಹೇಳಿ ಮಾಡಿಸಿದಂತಿದೆ.

ಮೊದಲು ತೂಕ ಕಟ್ಟಿದ ತೆಳು ದಾರವನ್ನು ಎತ್ತರದ ಗಟ್ಟಿ ಕವಲಿನ ಮೇಲೆ ಎಸೆಯುತ್ತಾರೆ. ಅದರಿಂದ ದಪ್ಪ ಹಗ್ಗವನ್ನು ಮೇಲೆಳೆದು, ಸೊಂಟ ಮತ್ತು ತೊಡೆಗೆ ಬಿಗಿದ ಪಟ್ಟಿಗೆ ಜೋಡಿಸುತ್ತಾರೆ. ಉಳಿದದ್ದೆಲ್ಲ ಒಂದು ಗಂಟಿನ ಕೆಲಸ. ಭಾರ ಬಿದ್ದಾಗ ಬಿಗಿಯುವ, ಕೈಯಿಂದ ಸರಿಸಿದಾಗ ಸಡಿಲವಾಗುವ ಇಂಥ ಗಂಟನ್ನು ಆಸ್ಟ್ರಿಯದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್ 1931ರಲ್ಲಿ ಬಳಕೆಗೆ ತಂದರು. ಭಾರವನ್ನು ಮೇಲಿನ ಕವಲು ಹೊರುವುದರಿಂದ ಕೊಂಬೆಯ ಮೇಲೆ ಇನ್ನಷ್ಟು ದೂರ ಹೋಗಬಹುದು. ಗರಗಸ ಹಿಡಿದಾಗ ಕಾಂಡವನ್ನು ಬಳಸಿ ಇನ್ನೊಂದು ಗಿಡ್ಡ ಹಗ್ಗ ಕಟ್ಟಿಕೊಳ್ಳಬೇಕು. ಒಂದು ತುಂಡಾದರೂ ಇನ್ನೊಂದು ಉಳಿಯುತ್ತದೆ. ಕಾಲಿಗೆ ಮೊಳೆಪಟ್ಟಿ ಕಟ್ಟಿ ಹತ್ತುವುದನ್ನು ಜೀವಂತ ಮರದಲ್ಲಿ ಮಾಡಬಾರದು. ಪ್ರತಿ ಗಾಯವೂ ಕೊಳೆರೋಗಕ್ಕೆ ಬಾಗಿಲು.

ಹಗ್ಗಕ್ಕೂ ಮಿತಿಯಿದೆ. ಪೊಟರೆ ಬಿದ್ದ ಕವಲು, ಒಣಗಿದ ಕೊಂಬೆಯನ್ನು ನಂಬುವಂತಿಲ್ಲ. ಕೆಳಗೆ ಇನ್ನೊಬ್ಬರು ಇರಲೇಬೇಕು. ಮೇಲಿರುವವರು ಪ್ರಜ್ಞೆ ತಪ್ಪಿದರೆ ಬೇಗ ಇಳಿಸುವುದು ಕೆಳಗಿರುವವರಿಗೆ ತಿಳಿದಿರಬೇಕು, ಏಕೆಂದರೆ ಪಟ್ಟಿಯಲ್ಲಿ ಅಲುಗದೆ ತೂಗುತ್ತಿದ್ದರೆ ಕಾಲಿನ ರಕ್ತ ಹೃದಯಕ್ಕೆ ಮರಳದೆ ಜೀವಕ್ಕೇ ಕುತ್ತು.

ಕಟ್ಟಿಕೊಳ್ಳುವ ಹೊತ್ತಿನ ಕೂಲಿ

ಏಣಿ ಹಳೆಯದು, ಹಗ್ಗ ಹೊಸದು ಎಂಬ ವಾದದಲ್ಲಿ ಹುರುಳಿಲ್ಲ. ಏಣಿಯಿಂದ ಹತ್ತಿ, ಮೇಲೆ ಹಗ್ಗದಿಂದ ಕಟ್ಟಿಕೊಂಡು, ಆಮೇಲೆ ಕತ್ತಿ ಎತ್ತುವುದು ಬಹುಪಾಲು ಮರಗಳಿಗೆ ಒಪ್ಪುವ ಕ್ರಮ. ಅಡ್ಡಿಯಾಗುವುದು ಆತುರ. ಮರಕ್ಕಿಷ್ಟು ಎಂದು ಕೂಲಿ ಮಾತಾಡಿದಲ್ಲಿ ಕಟ್ಟಿಕೊಳ್ಳಲು ಹಿಡಿಯುವ ನಿಮಿಷಗಳು ಹತ್ತುವವರ ಪಾಲಿಗೆ ನಷ್ಟ. ಆ ನಿಮಿಷಗಳ ಕೂಲಿಯನ್ನೂ ಒಳ್ಳೆಯ ಹಗ್ಗದ ಬೆಲೆಯನ್ನೂ ತೋಟದ ಒಡೆಯರೇ ಭರಿಸಬೇಕು. ಗೊಬ್ಬರ, ನೀರು, ಔಷಧಿಗೆ ಲೆಕ್ಕವಿಟ್ಟು ಖರ್ಚು ಮಾಡುವವರು ಫಸಲನ್ನು ಕೆಳಗಿಳಿಸುವ ಜೀವಕ್ಕೂ ಅದೇ ಲೆಕ್ಕದಲ್ಲಿ ಒಂದು ಸಾಲು ಬರೆದುಕೊಳ್ಳಲಿ.