ಹಳೆಯ ಗಣಕಯಂತ್ರಕ್ಕೆ ಹೊಸ ಕಾರ್ಯವ್ಯವಸ್ಥೆ: ಶಾಸನಪಾಠಗಳ ರಕ್ಷಣೆಯ ದೃಷ್ಟಿಯಿಂದ ಒಂದು ವಿವೇಚನೆ

ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕ’ದ ಮೊದಲನೆಯ ಸಂಪುಟವು 1886ರಲ್ಲಿ ಪ್ರಕಟವಾಯಿತು. ಆ ಸಂಪುಟವನ್ನು ಇಂದು ಓದಬೇಕಾದರೆ ಕಣ್ಣು, ಬೆಳಕು ಮತ್ತು ಭಾಷಾಜ್ಞಾನಗಳ ಹೊರತು ಬೇರಾವ ಸಾಧನವೂ ಬೇಕಾಗಿಲ್ಲ. ಆದರೆ ಇಪ್ಪತ್ತು ವರ್ಷಗಳ ಹಿಂದೆ ಗಣಕಯಂತ್ರದಲ್ಲಿ ಬರೆದಿಟ್ಟ ಶಾಸನಪಾಠವೊಂದನ್ನು ಓದಬೇಕಾದರೆ ಯಂತ್ರ, ಅದನ್ನು ನಡೆಸುವ ಕಾರ್ಯವ್ಯವಸ್ಥೆ, ಬರವಣಿಗೆಯ ತಂತ್ರಾಂಶ ಮತ್ತು ಅಂದಿನ ಫಾಂಟು ಈ ನಾಲ್ಕೂ ಒಟ್ಟಿಗೆ ದೊರೆಯಬೇಕು. ಇವುಗಳಲ್ಲಿ ಯಾವುದೊಂದು ತಪ್ಪಿದರೂ ಪಾಠವು ಕೈಗೆ ಸಿಕ್ಕುವುದಿಲ್ಲ. ಶಾಸನಶಿಲೆಯು ಈ ನಡುವೆ ಸವೆದೋ ಒಡೆದೋ ಹೋಗಿದ್ದರೆ ಆ ಪಾಠವೇ ಉಳಿದಿರುವ ಏಕೈಕ ಸಾಕ್ಷಿಯಾಗಿರಬಹುದು. ಆದುದರಿಂದ ಹಳೆಯ ಲ್ಯಾಪ್‌ಟಾಪಿಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕುವ ಕಾರ್ಯವನ್ನು ತಂತ್ರಜ್ಞರಿಗೆ ಒಪ್ಪಿಸಿ ಸುಮ್ಮನಿರುವುದು ಇತಿಹಾಸದ ಅಭ್ಯಾಸಿಗಳಿಗೆ ಉಚಿತವಲ್ಲವೆಂದು ನಾವು ಭಾವಿಸುತ್ತೇವೆ.

ಮೊದಲು, ಕಾರ್ಯವ್ಯವಸ್ಥೆ ಎಂದರೇನು ಎಂಬುದನ್ನು ತಿಳಿಯೋಣ. ಯಂತ್ರದ ಸ್ಮೃತಿ, ತಟ್ಟೆ, ಕೀಲಿಮಣೆ, ಪರದೆ ಮೊದಲಾದ ಅಂಗಗಳಿಗೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು, ಯಾರಿಗೆ ಯಾವ ಅಂಗ ಎಷ್ಟು ಹೊತ್ತು ಸಲ್ಲಬೇಕೆಂಬುದನ್ನು ನಿರ್ಣಯಿಸುವ ಮೂಲ ತಂತ್ರಾಂಶವೇ ಕಾರ್ಯವ್ಯವಸ್ಥೆ. ಕಾಗದದಂತೆ ಇದು ತಾನಾಗಿ ಜೀರ್ಣವಾಗುವುದಿಲ್ಲ. ಇದರಲ್ಲಿನ ದೋಷಗಳು ಕಾಲಕಾಲಕ್ಕೆ ಹೊರಬೀಳುತ್ತವೆ. ತಯಾರಕರು ತಿದ್ದುಪಡಿಗಳನ್ನು ಕಳುಹಿಸುತ್ತಾರೆ. ಒಂದು ದಿನ ಅದನ್ನು ನಿಲ್ಲಿಸುತ್ತಾರೆ. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲವು ಕೊನೆಗೊಂಡಿತು. ಆ ದಿನದ ಮರುದಿನವೂ ಯಂತ್ರವು ಎಂದಿನಂತೆ ನಡೆಯುತ್ತದೆಂಬುದು ನಿಜ. ಆದರೆ ಅನಂತರ ಕಂಡುಬರುವ ದೋಷಗಳಿಗೆ ಮದ್ದಿಲ್ಲದ ಕಾರಣ, ಅಂತರಜಾಲಕ್ಕೆ ಜೋಡಿಸಿದ ಯಂತ್ರದಲ್ಲಿನ ಕಡತಗಳಿಗೆ ಅಪಾಯವು ವರ್ಷವರ್ಷಕ್ಕೂ ಹೆಚ್ಚುತ್ತ ಹೋಗುತ್ತದೆ. ಇತರ ತಂತ್ರಾಂಶಗಳೂ ಹಳೆಯ ವ್ಯವಸ್ಥೆಯನ್ನು ಕೈಬಿಡುತ್ತವೆ. ಕ್ರೋಮ್ ಬ್ರೌಸರು 2023ರಲ್ಲಿ ವಿಂಡೋಸ್ 7ಕ್ಕೆ ಹೊಸ ಆವೃತ್ತಿಗಳನ್ನು ನೀಡುವುದನ್ನು ನಿಲ್ಲಿಸಿದುದು ಇದಕ್ಕೆ ಉದಾಹರಣೆ.

ವಿವೇಚನೆಗೆ ಅನುಕೂಲವಾಗುವಂತೆ ಒಂದು ಸಾಮಾನ್ಯ ಯಂತ್ರವನ್ನು ತೆಗೆದುಕೊಳ್ಳೋಣ: 2011ರಲ್ಲಿ ಬಂದ ಇಂಟೆಲ್ ಕೋರ್ ಎರಡನೆಯ ತಲೆಮಾರಿನ ಪ್ರೊಸೆಸರು, 4 ಜಿಬಿ ಸ್ಮೃತಿ, ತಿರುಗುವ ತಟ್ಟೆಯ ಹಾರ್ಡ್‌ಡಿಸ್ಕು, ಮತ್ತು ವಿಂಡೋಸ್ 7. ಇಂತಹ ಯಂತ್ರದ ಮುಂದಿರುವ ದಾರಿಗಳು ಮೂರು.

ಮೊದಲನೆಯದು 2021ರ ಅಕ್ಟೋಬರಿನಲ್ಲಿ ಹೊರಬಂದ ವಿಂಡೋಸ್ 11. ಇದಕ್ಕೆ 4 ಜಿಬಿ ಸ್ಮೃತಿ ಮತ್ತು 64 ಜಿಬಿ ಸ್ಥಳ ಸಾಕೆಂದು ಹೇಳಿರುವುದರಿಂದ ನಮ್ಮ ಯಂತ್ರಕ್ಕೂ ಒದಗೀತೆಂದು ತೋರಬಹುದು. ಆದರೆ ಟಿಪಿಎಂ 2.0 ಎಂಬ ಭದ್ರತಾ ಘಟಕವೂ, ಇಂಟೆಲ್ ಪ್ರೊಸೆಸರುಗಳಲ್ಲಿ ಸಾಮಾನ್ಯವಾಗಿ ಎಂಟನೆಯ ತಲೆಮಾರು ಅಥವಾ ಅದಕ್ಕಿಂತ ಈಚಿನದೂ ಇರಬೇಕೆಂಬ ನಿಯಮವಿದೆ. ಈ ನಿಯಮಗಳನ್ನು ತಪ್ಪಿಸಿ ಹಾಕುವ ಉಪಾಯಗಳಿದ್ದರೂ, ಹಾಗೆ ಹಾಕಿದ ವ್ಯವಸ್ಥೆಗೆ ತಿದ್ದುಪಡಿಗಳು ಬಂದೇ ಬರುತ್ತವೆಂಬ ಭರವಸೆಯನ್ನು ತಯಾರಕರು ಕೊಡುವುದಿಲ್ಲ. ಎರಡನೆಯದು ವಿಂಡೋಸ್ 10. ವಿಂಡೋಸ್ 7ರಿಂದ ಕಡತಗಳನ್ನು ಉಳಿಸಿಕೊಂಡೇ ಇದಕ್ಕೆ ಏರಬಹುದು. ಆದರೆ ಇದರ ಬೆಂಬಲವೂ ಮುಗಿದಿರುವುದರಿಂದ ಇದು ಒಂದು ತಂಗುದಾಣವೇ ಹೊರತು ನೆಲೆಯಲ್ಲ. ಮೂರನೆಯದು ಲಿನಕ್ಸ್. 1991ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಅವರು ಆರಂಭಿಸಿದ ತಿರುಳನ್ನು ಆಧರಿಸಿ ಡೆಬಿಯನ್, ಉಬುಂಟು, ಲಿನಕ್ಸ್ ಮಿಂಟ್ ಮೊದಲಾದ ವ್ಯವಸ್ಥೆಗಳು ಬಂದಿವೆ. ಇವು ಉಚಿತ, ಇವುಗಳಲ್ಲಿನ ಹಗುರವಾದ ರೂಪಗಳು ನಮ್ಮ ಯಂತ್ರದಂತಹವುಗಳಲ್ಲಿಯೂ ಸಲೀಸಾಗಿ ನಡೆಯುತ್ತವೆ, ಇವುಗಳ ಪ್ರಚಲಿತ ಆವೃತ್ತಿಗಳಿಗೆ ತಿದ್ದುಪಡಿಗಳೂ ಬರುತ್ತಿವೆ. ಹೊಸ ಯಂತ್ರ ಕೊಳ್ಳಲು ಹಣವಿಲ್ಲದ ವಿಭಾಗಗಳಿಗೆ ಇದೇ ಯುಕ್ತವಾದ ದಾರಿಯೆಂಬುದು ನಮ್ಮ ಅಭಿಪ್ರಾಯ.

ಇಲ್ಲಿಯೇ ಕನ್ನಡದ ವಿಶೇಷ ಸಮಸ್ಯೆಯೊಂದು ಎದುರಾಗುತ್ತದೆ. 1998ರಲ್ಲಿ ಹೊರಬಂದ ‘ಬರಹ’, ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಇವು ಕನ್ನಡದ ಬರವಣಿಗೆಯನ್ನು ಗಣಕಕ್ಕೆ ತಂದ ಉಪಕಾರವನ್ನು ನಾವು ಮರೆಯುವಂತಿಲ್ಲ. ಆದರೆ ಆ ಕಾಲದ ಫಾಂಟುಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ರೋಮನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕೂರಿಸಲಾಗಿತ್ತು. ಕಡತದೊಳಗೆ ಇರುವುದು ರೋಮನ್ ಸಂಕೇತ. ಕನ್ನಡವಾಗಿ ಕಾಣುವುದು ಫಾಂಟಿನ ಬಲದಿಂದ. ಹೊಸ ವ್ಯವಸ್ಥೆಯಲ್ಲಿ ಆ ಫಾಂಟು ಇಲ್ಲವಾದರೆ ದಾನಶಾಸನದ ಪಾಠವು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ತೋರುತ್ತದೆ. ಹುಡುಕುವುದಕ್ಕೂ ಅಕಾರಾದಿಯಾಗಿ ಜೋಡಿಸುವುದಕ್ಕೂ ಅದು ಒದಗುವುದಿಲ್ಲ. ಇದಕ್ಕೆ ಪ್ರತಿಯಾಗಿ ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆಂದೇ 128 ಸ್ಥಾನಗಳು ಮೀಸಲಾಗಿವೆ. ಅದರಲ್ಲಿ ಬರೆದುದು ಯಾವ ಕಾರ್ಯವ್ಯವಸ್ಥೆಯಲ್ಲಿಯೂ ಕನ್ನಡವಾಗಿಯೇ ಉಳಿಯುತ್ತದೆ.

ಆದುದರಿಂದ ಕೆಲಸದ ಕ್ರಮವೇ ಇಲ್ಲಿ ಮುಖ್ಯ. ಹಳೆಯ ಫಾಂಟು, ಹಳೆಯ ತಂತ್ರಾಂಶ ಇವೆರಡೂ ಜೀವಂತವಾಗಿರುವುದು ಹಳೆಯ ವ್ಯವಸ್ಥೆಯಲ್ಲಿ ಮಾತ್ರ. ಪರಿವರ್ತನೆಯ ಕಾರ್ಯವನ್ನು ಅಲ್ಲಿಯೇ ಮುಗಿಸಿ, ಅನಂತರ ವ್ಯವಸ್ಥೆಯನ್ನು ಬದಲಾಯಿಸಬೇಕು.

ಮೊದಲನೆಯ ಹೆಜ್ಜೆ ಕಡತಗಳ ಪಟ್ಟಿ ಮಾಡುವುದು: ಎಷ್ಟು, ಯಾವ ತಂತ್ರಾಂಶದವು, ಯಾವ ಫಾಂಟಿನವು ಎಂಬುದನ್ನು ಗುರುತಿಸುವುದು. ಎರಡನೆಯದು ಪ್ರತಿ ಮಾಡುವುದು. ಎರಡು ಬೇರೆ ಬೇರೆ ಹೊರಗಿನ ಡಿಸ್ಕುಗಳಲ್ಲಿ ಪ್ರತಿಗಳಿರಬೇಕು. ಅವುಗಳಲ್ಲಿ ಒಂದು ಬೇರೊಂದು ಕಟ್ಟಡದಲ್ಲಿರಬೇಕು. ಪ್ರತಿಯು ಮೂಲಕ್ಕೆ ಸಮವೇ ಎಂಬುದನ್ನು ಎಸ್‌ಎಚ್‌ಎ-256 ಎಂಬ ಲೆಕ್ಕದಿಂದ ಪರೀಕ್ಷಿಸಬಹುದು. ಕಡತದಲ್ಲಿ ಒಂದಕ್ಷರ ಬದಲಾದರೂ ಈ ಲೆಕ್ಕದ ಫಲ ಬೇರೆಯಾಗುತ್ತದೆ. ಫಾಂಟು ಮತ್ತು ಹಳೆಯ ತಂತ್ರಾಂಶಗಳ ಕಡತಗಳನ್ನೂ ಪ್ರತಿಯಲ್ಲಿ ಸೇರಿಸುವುದನ್ನು ಮರೆಯಬಾರದು. ಪೇಜ್‌ಮೇಕರಿನಲ್ಲಿ ಪುಟ ಕಟ್ಟಿದ ಲೇಖನಗಳಿದ್ದರೆ ಅವನ್ನು ಅಲ್ಲಿಯೇ ತೆರೆದು ಪಿಡಿಎಫ್ ರೂಪದಲ್ಲಿಯೂ ಬರಿಯ ಪಠ್ಯರೂಪದಲ್ಲಿಯೂ ಉಳಿಸತಕ್ಕದ್ದು.

ಮೂರನೆಯದು ಯೂನಿಕೋಡಿಗೆ ಪರಿವರ್ತನೆ. ಇದಕ್ಕೆ ಪರಿವರ್ತಕಗಳು ದೊರೆಯುತ್ತವೆಯಾದರೂ ಅವುಗಳ ಫಲವನ್ನು ಪರೀಕ್ಷಿಸದೆ ಅಂಗೀಕರಿಸುವುದು ಸರಿಯಲ್ಲ. ‘ಧರ್ಮ’ ಎಂಬ ಶಬ್ದವನ್ನು ನೋಡಿ. ಹಳೆಯ ಫಾಂಟುಗಳಲ್ಲಿ ಕಣ್ಣಿಗೆ ಕಾಣುವ ಕ್ರಮದಂತೆ ಮಕಾರದ ಅನಂತರ ಅರ್ಕಾವತ್ತು ಬರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಂತೆ ರೇಫವು ಮೊದಲು, ಮಕಾರ ಅನಂತರ. ಪರಿವರ್ತಕವು ಈ ಸ್ಥಾನಪಲ್ಲಟವನ್ನು ಸರಿಯಾಗಿ ಮಾಡದಿದ್ದರೆ ಪಾಠ ಕೆಡುತ್ತದೆ. ಹಳಗನ್ನಡದ ಱ ಮತ್ತು ೞ ಅಕ್ಷರಗಳನ್ನು ವಿಶೇಷವಾಗಿ ನೋಡಬೇಕು. ಇವುಗಳ ಬದಲು ರಕಾರ, ಳಕಾರಗಳು ನುಸುಳಿದರೆ ಶಾಸನದ ಕಾಲನಿರ್ಣಯಕ್ಕೆ ಒದಗುವ ಆಧಾರವೊಂದು ಅಳಿದಂತಾಗುತ್ತದೆ. ಯೂನಿಕೋಡ್ ಪಟ್ಟಿಯಲ್ಲಿ ೞಕಾರಕ್ಕೆ ಪ್ರಮಾದವಶಾತ್ ‘ಫ’ ಎಂಬ ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸಬಾರದೆಂಬ ನಿಯಮದಿಂದ ಅದು ಹಾಗೆಯೇ ಉಳಿದಿದೆ; ಅಕ್ಷರವನ್ನು ಬಳಸುವುದಕ್ಕೆ ಅದರಿಂದ ಬಾಧಕವಿಲ್ಲ. ಪ್ರತಿಯೊಂದು ಕಡತದಿಂದಲೂ ಕೆಲವು ಪಂಕ್ತಿಗಳನ್ನು ಆರಿಸಿ, ಒಬ್ಬರು ಓದುತ್ತ ಇನ್ನೊಬ್ಬರು ಮೂಲದೊಡನೆ ಹೋಲಿಸುವುದು ಉತ್ತಮ. ಪರಿವರ್ತಿತ ಪ್ರತಿಯು ಸಿದ್ಧವಾದರೂ ಮೂಲ ಕಡತವನ್ನು ಅಳಿಸಕೂಡದು.

ನಾಲ್ಕನೆಯದು ಹೊಸ ವ್ಯವಸ್ಥೆಯ ಪರೀಕ್ಷೆ. ಲಿನಕ್ಸನ್ನು ಪೆನ್‌ಡ್ರೈವಿನಲ್ಲಿ ಸಿದ್ಧಪಡಿಸಿ, ಯಂತ್ರದ ಡಿಸ್ಕನ್ನು ಮುಟ್ಟದೆಯೇ ಅದರಿಂದ ಯಂತ್ರವನ್ನು ನಡೆಸಿ ನೋಡಬಹುದು. ಆಗ ವೈಫೈ, ಮುದ್ರಣಯಂತ್ರ, ಸ್ಕ್ಯಾನರು, ಕನ್ನಡ ಕೀಲಿಮಣೆ ಇವೆಲ್ಲ ಒದಗುತ್ತವೆಯೇ ಎಂಬುದು ತಿಳಿಯುತ್ತದೆ. ಲೋಹಿತ್, ನೋಟೊ ಮೊದಲಾದ ಯೂನಿಕೋಡ್ ಫಾಂಟುಗಳೂ ಕಗಪ ಕೀಲಿಮಣೆ ವಿನ್ಯಾಸವೂ ಲಿನಕ್ಸಿನಲ್ಲಿ ದೊರೆಯುತ್ತವೆ. ತಿರುಗುವ ತಟ್ಟೆಯ ಬದಲು ಎಸ್‌ಎಸ್‌ಡಿ ಹಾಕಿಸಿದರೆ ಹಳೆಯ ಯಂತ್ರದ ವೇಗವು ಎದ್ದು ಕಾಣುವಂತೆ ಹೆಚ್ಚುತ್ತದೆ. ಇದರಲ್ಲಿ ಇನ್ನೊಂದು ಅನುಕೂಲವೂ ಉಂಟು: ತೆಗೆದ ಹಳೆಯ ಡಿಸ್ಕನ್ನು ಹೆಸರು, ದಿನಾಂಕ ಬರೆದು ಹಾಗೆಯೇ ಇಟ್ಟರೆ ಅದೇ ಮತ್ತೊಂದು ಪ್ರತಿಯಾಗುತ್ತದೆ.

ಐದನೆಯದು ಸ್ಥಾಪನೆ. ಇದು ಒಂದೆರಡು ಗಂಟೆಗಳಲ್ಲಿ ಮುಗಿಯುವಂತಹುದು; ಮೇಲಿನ ನಾಲ್ಕು ಹೆಜ್ಜೆಗಳಿಗೆ ವಾರಗಳೇ ಹಿಡಿಯಬಹುದು. ಸ್ಥಾಪನೆಯ ಅನಂತರ ಕಡತಗಳನ್ನು ಮರಳಿ ತಂದು, ಪಟ್ಟಿಯೊಡನೆ ಸಂಖ್ಯೆಯನ್ನು ತಾಳೆ ನೋಡಿ, ಕೆಲವನ್ನು ತೆರೆದು ಓದಿದಾಗ ಮಾತ್ರ ಕಾರ್ಯವು ಮುಗಿಯಿತೆನ್ನಬಹುದು.

ತಾಳೆಯೋಲೆಗಳು ಜೀರ್ಣವಾದಾಗ ನಮ್ಮ ಲಿಪಿಕಾರರು ಹೊಸ ಓಲೆಗೆ ಪ್ರತಿ ಮಾಡಿಕೊಳ್ಳುತ್ತಿದ್ದರು. ಪ್ರಾಚೀನ ಕಾವ್ಯಗಳು ನಮಗೆ ಉಳಿದುಬಂದಿರುವುದು ಬಹುಮಟ್ಟಿಗೆ ಆ ಪರಂಪರೆಯಿಂದ. ಓಲೆಯು ಪುಡಿಯಾದ ಮೇಲೆ ಪ್ರತಿ ಮಾಡಲು ಯಾರಿಂದಲೂ ಸಾಧ್ಯವಿರಲಿಲ್ಲ. ನಮ್ಮ ವಿಭಾಗಗಳ ಕಪಾಟುಗಳಲ್ಲಿ ಇಂದೂ ಹಳೆಯ ಲ್ಯಾಪ್‌ಟಾಪುಗಳಿವೆ. ಅವುಗಳಲ್ಲಿ ಹಲವು ಇನ್ನೂ ಚಾಲೂ ಆಗುತ್ತವೆ. ಚಾಲೂ ಆಗುವವರೆಗಿನ ಈ ಅವಧಿಯೇ ನಮಗೆ ದೊರೆತಿರುವ ಅವಕಾಶ. ಮುಂದಿನ ರಜೆಗೆ ಮೊದಲು ಪ್ರತಿಯೊಂದು ವಿಭಾಗವೂ ಕಡತಗಳ ಪಟ್ಟಿಯನ್ನಾದರೂ ಸಿದ್ಧಪಡಿಸಿದರೆ ಈ ಲೇಖನದ ಉದ್ದೇಶವು ಸಫಲವಾದಂತೆ.